ಬಾಗಿಲ ಮೇಲಿನ ಟವೆಲ್

ತಲೆ ಮರೆತಿತ್ತು, ಕೈ ಮರೆತಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಹಾಲಕ್ಕನ ಒಳಗೆ ಗಾಣದೆತ್ತಿನಂತೆ ಸುತ್ತುತ್ತಿದ್ದದ್ದು ಇದೊಂದೇ ಮಾತು. ತಲೆಯ ಹಣೆಬರಹವೇ ಅಷ್ಟು. ವಯಸ್ಸಾದ ಮೇಲೆ ಅದು ತೂತುಬಿದ್ದ ಬಿಂದಿಗೆ, ಎಷ್ಟು ತುಂಬಿದರೂ ಮನೆ ಮುಟ್ಟುವಷ್ಟರಲ್ಲಿ ಖಾಲಿ. ಆದರೆ ಕೈ? ನಿನ್ನೆ ಮಧ್ಯಾಹ್ನ ಕೋಣೆಗಳ ಮುಂದಿನ ಓಣಿಯಲ್ಲಿ ಗದ್ದಲ ಕೇಳಿ, ಸುಲಿಯುತ್ತಿದ್ದ ಬಟಾಣಿಯ ಬುಟ್ಟಿಯನ್ನು ಜಗಲಿಯಲ್ಲೇ ಬಿಟ್ಟು ಅವಳು ಓಡಿಬಂದಾಗ ದರ್ಜಿಯಕ್ಕ ಬಚ್ಚಲ ಬಾಗಿಲ ಮುಂದೆ ಗೋಡೆ ಹಿಡಿದು ನಿಂತಿದ್ದಳು. ಉಟ್ಟ ಬಟ್ಟೆಯ ಅಂಚಿನಿಂದ ನೀರು ಇಳಿದು, ನೆಲದ ಇಳಿಜಾರು ಹುಡುಕಿಕೊಂಡು, ಯಾರನ್ನೋ ನೋಡಲು ಹಣ್ಣು ತಂದಿದ್ದ ನೆಂಟರ ಚಪ್ಪಲಿಯ ಕಡೆಗೆ ಮೆಲ್ಲಗೆ ಹೊರಟಿತ್ತು. ನೆಂಟರು ದೊಡ್ಡವರು, ಗೋಡೆ ಗಡಿಯಾರದಲ್ಲಿ ಏನೋ ವಿಶೇಷವಿರುವಂತೆ ಅದನ್ನೇ ನೋಡುತ್ತ ನಿಂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಮೊದಲು ಆ ಜೀವದ ತೋಳು ಹಿಡಿಯುತ್ತಿದ್ದರು. ಹಾಲಕ್ಕನ ಕೈ ಮೊದಲು ಹೋದದ್ದು ಬಾಗಿಲ ಮೊಳೆಗೆ. ಅಲ್ಲಿ ನೇತಾಡುತ್ತಿದ್ದ ತನ್ನ ಟವೆಲನ್ನು ಸರಕ್ಕನೆ ಎಳೆದು ಹೆಗಲಿಗೆ ಹಾಕಿಕೊಂಡು, ಆಮೇಲೆ ತೋಳು ಹಿಡಿದಿದ್ದಳು. ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲಿತ್ತು, ಇಲ್ಲವೇ ಗಡಿಯಾರದ ಮೇಲೆ.

ಅದು ಮುದುಕಿಯರ ಮನೆ. ಸೇರಿಸಿ ಹೋದ ಮಕ್ಕಳು ಅದಕ್ಕೆ ಆಸರೆ, ನೆಮ್ಮದಿ ಅಂತ ನಯವಾದ ಮಾತು ಇಟ್ಟುಕೊಂಡಿದ್ದರು; ಒಳಗಿದ್ದವರು ಮಾತ್ರ ‘ಮೇಲೆ’, ‘ಕೆಳಗೆ’ ಎಂಬ ಎರಡು ಮಾತಿನಲ್ಲಿ ಇಡೀ ಲೋಕವನ್ನು ಮುಗಿಸಿಬಿಡುತ್ತಿದ್ದರು. ಮೇಲೆ ಅಂದರೆ ತಾವೇ ಎದ್ದು, ತಾವೇ ತೊಳೆದುಕೊಂಡು, ತಾವೇ ಉಣ್ಣುವವರ ಕೋಣೆಗಳು. ಕೋಣೆಗೆ ಇಬ್ಬರು, ಒಂದು ಕಿಟಕಿ. ಕೆಳಗೆ ಅಂದರೆ ಉದ್ದನೆಯ ಹಾಲ್, ಸಾಲು ಮಂಚ, ಮಂಚಕ್ಕೊಂದು ಪರದೆ. ಕೆಳಗೆ ಹೋದವಳು ತಿರುಗಿ ಮೇಲೆ ಬಂದದ್ದನ್ನು ಹಾಲಕ್ಕ ಕಂಡಿಲ್ಲ. ಹಿಂದೆ ಮೇಲಿನ ಬಚ್ಚಲಿಗೆ ಚಿಲಕವಿತ್ತಂತೆ. ಒಬ್ಬಾಕೆ ಚಿಲಕ ಹಾಕಿಕೊಂಡು ಒಳಗೆ ಬಿದ್ದು, ಬಡಗಿ ಬಂದು ಬಾಗಿಲು ಎಬ್ಬಿಸುವ ಹೊತ್ತಿಗೆ ತಣ್ಣಗಾಗಿದ್ದಳು. ಅವತ್ತೇ ಮನೆಯ ಉಸ್ತುವಾರಿಯ ಮೇಡಂ ಚಿಲಕವನ್ನೆಲ್ಲ ಕೀಳಿಸಿದ್ದರು. ಕಿತ್ತ ಜಾಗದ ತೂತುಗಳಿಗೆ ಹೆಂಗಸರೇ ಸೋಪಿನ ಚೂರು ಮೆತ್ತಿ ಮುಚ್ಚಿದ್ದರು. ಟವೆಲಿನ ಪದ್ಧತಿ ಹುಟ್ಟಿದ್ದು ಆಮೇಲೆ, ಯಾರೂ ಹೇಳಿಕೊಡದೆ. ಒಳಗೆ ಹೋಗುವವಳು ತನ್ನ ಟವೆಲನ್ನು ಹೊರಗಿನ ಮೊಳೆಗೆ ಹಾಕಬೇಕು, ಬಂದಮೇಲೆ ತೆಗೆದುಕೊಳ್ಳಬೇಕು. ಟವೆಲ್ ಇದ್ದರೆ ಅದು ಬಾಗಿಲು, ಇಲ್ಲದಿದ್ದರೆ ಬರೀ ಹಲಗೆ. ಟವೆಲ್ ಕಂಡಮೇಲೂ ತಳ್ಳಿದವಳ ಮುಖವನ್ನು ಮೂರು ದಿನ ಯಾರೂ ನೋಡುತ್ತಿರಲಿಲ್ಲ. ಇಲ್ಲಿ ಕೊಟ್ಟ ಟವೆಲುಗಳೆಲ್ಲ ಒಂದೇ ಬಿಳಿ. ಯಾರದು ಯಾವುದೆಂದು ತಿಳಿಯಲು ಮೂಲೆಯಲ್ಲಿ ಗುರುತು ಹೊಲಿದುಕೊಟ್ಟವಳು ದರ್ಜಿಯಕ್ಕ. ಹೋಟೆಲಜ್ಜಿಗೆ ಸೌಟು, ತನಗೆ ಕತ್ತರಿ, ಅರ್ಧ ಆಯುಸ್ಸು ಎಮ್ಮೆ ಕಟ್ಟಿ ಮನೆಮನೆಗೆ ಹಾಲು ಹಾಕಿದ ಹಾಲಕ್ಕನಿಗೆ ಹಸಿರು ದಾರದಲ್ಲಿ ಎರಡು ಕೊಂಬು. "ಪೂರ್ತಿ ಎಮ್ಮೆ ಹೊಲೀತಿದ್ದೆ ಕಣೇ, ಟವೆಲ್ ಸಾಲದು" ಅಂದಿದ್ದಳು.

ಈಗ ಆ ದರ್ಜಿಯಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ತನ್ನ ಬಟ್ಟೆಗಳನ್ನು ಮಡಚುತ್ತಿದ್ದಳು. ಊಟವಾದ ಮೇಲೆ ಅವಳನ್ನು ಕೆಳಗೆ ಒಯ್ಯುವುದೆಂದು ನಿನ್ನೆ ಸಂಜೆಯೇ ತೀರ್ಮಾನವಾಗಿತ್ತು. ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲವೂ ಹಬೆಯ ಹಿಂದಿನಿಂದ ಕಾಣುತ್ತಿತ್ತು. ಆದರೂ ಮಡಿಕೆಯ ಗೆರೆ ಒಂದಿಷ್ಟೂ ಓರೆಯಾಗುತ್ತಿರಲಿಲ್ಲ. ಬೆರಳು ಅಂಚಿನ ಮೇಲೆ ಇರುವೆಯ ಹಾಗೆ ಓಡಿ, ಮೂಲೆಗೆ ಮೂಲೆ ಕೂಡಿಸಿ, ಅಂಗೈ ಒಂದು ಸಲ ಸವರಿ ಬಿಡುತ್ತಿತ್ತು. ಹಾಲಕ್ಕ ತನ್ನ ಮಂಚದಿಂದ ನೋಡುತ್ತಿದ್ದಳು. ಏಳಬೇಕು, ಮಡಚಲು ಕೈಜೋಡಿಸಬೇಕು, ಅನ್ನಿಸುತ್ತಿತ್ತು. ಹತ್ತಿರ ಹೋದರೆ ಬಾಯಿ ಬಿಡಬೇಕಾಗುತ್ತದೆ ಎಂದು ಕಾಲು ಏಳುತ್ತಿರಲಿಲ್ಲ.

"ಯಾಕೇ ಇಷ್ಟು ಸುಮ್ಮನಿದೀಯ?" ದರ್ಜಿಯಕ್ಕ ತಲೆಯೆತ್ತದೆ ಕೇಳಿದಳು. "ಸತ್ತವರ ಮನೆಗೆ ಬಂದವಳ ಹಾಗೆ."

"ಏನಿಲ್ಲಕ್ಕ. ಮಂಡಿ ನೋವು."

"ನನ್ನ ನೋಡು. ಊರಿನವರ ಸೊಂಟದ ಅಳತೆಯೆಲ್ಲ ನನ್ನ ನಾಲಿಗೆ ತುದೀಲಿತ್ತು. ನಿನ್ನೆ ಆ ಹುಡುಗಿ, ಆಯಾ, ಟೇಪು ಹಿಡ್ಕೊಂಡು ಬಂದು ನನ್ನ ಸೊಂಟದ ಅಳತೆ ತಗೊಂಡ್ಲು. ಯಾಕಮ್ಮ, ಲಂಗ ಹೊಲಿಸ್ತೀಯಾ ಅಂದೆ. ಇಲ್ಲ ಅಜ್ಜಿ, ಡೈಪರ್ ತರಿಸ್ಬೇಕು ಅಂದ್ಲು." ಅವಳು ನಕ್ಕಳು. ನಗು ಅರ್ಧದಲ್ಲಿ ಕೆಮ್ಮಾಯಿತು. "ಟೇಪು ತಪ್ಪು ಹಿಡ್ಕೊಂಡಿದ್ಲು ಕಣೇ. ಎರಡು ಬೆರಳು ಸಡಿಲ. ಹೇಳ್ಲಿಲ್ಲ ನಾನು. ಸಡಿಲವೇ ಇರ್ಲಿ."

ಹಾಲಕ್ಕನೂ ನಕ್ಕಳು, ನಕ್ಕದ್ದಕ್ಕೆ ತನ್ನನ್ನೇ ಬೈದುಕೊಂಡಳು. ಅಕ್ಕನಿಗೆ ಗೊತ್ತೋ ಇಲ್ಲವೋ? ಟವೆಲ್ ತೂಗುತ್ತಿದ್ದದ್ದು ಗೊತ್ತು, ಇಲ್ಲದಿದ್ದರೆ ನಿಲ್ಲುತ್ತಿರಲಿಲ್ಲ. ಆದರೆ ಯಾರ ಟವೆಲೆಂದು ಆ ಪೊರೆಗಣ್ಣಿಗೆ ಕಂಡಿತೋ? ಅದನ್ನು ಎಳೆದುಕೊಂಡ ಕೈ ಕಂಡಿತೋ? ಕೇಳುವುದಕ್ಕೆ ಬಾಯಿಲ್ಲ, ಕೇಳಿದರೆ ಹೇಳಿದ ಹಾಗೆಯೇ. ನಿನ್ನೆ ಊಟವಾದ ಮೇಲೆ ತಾನು ಬಚ್ಚಲಿಗೆ ಹೋದದ್ದು ನೆನಪಿದೆ, ಟವೆಲ್ ಮೊಳೆಗೆ ಹಾಕಿದ್ದು ನೆನಪಿದೆ. ನೀರು ತಣ್ಣಗಿತ್ತು. ಆಮೇಲೆ ನೇರ ಬಟಾಣಿ ಬುಟ್ಟಿ, ಹೋಟೆಲಜ್ಜಿಯ ಹರಟೆ. ನಡುವೆ ಒಂದು ತುಂಡು ಇಲಿ ಕಡಿದುಕೊಂಡು ಹೋದ ಹಾಗೆ ಇಲ್ಲವೇ ಇಲ್ಲ. ಮೊಳೆಯ ಮೇಲಿನ ಬರಿಯ ಬಟ್ಟೆ ಅಲ್ಲಿ ಒಂಟಿಯಾಗಿ ಕಾವಲು ನಿಂತು, ಖಾಲಿ ಬಚ್ಚಲನ್ನು ಅಕ್ಕನಿಂದ ಕಾಪಾಡಿತ್ತು. ಕರು ಸತ್ತ ಎಮ್ಮೆಗೆ ಹುಲ್ಲುಗರು ತೋರಿಸುತ್ತಿದ್ದದ್ದು ನೆನಪಾಯಿತು. ಸತ್ತ ಕರುವಿನ ತೊಗಲಿಗೆ ಒಣಹುಲ್ಲು ತುಂಬಿ, ಹೊಲಿದು, ಎದುರಿಗೆ ನಿಲ್ಲಿಸಿದರೆ ಎಮ್ಮೆ ಅದನ್ನು ನೆಕ್ಕುತ್ತ ನೆಕ್ಕುತ್ತ ಸೊರೆ ಬಿಟ್ಟು ಹಾಲಿಳಿಸುತ್ತಿತ್ತು. ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿತ್ತು. ಹುಲ್ಲು ಎಂದು ಅದಕ್ಕೆ ಗೊತ್ತಿಲ್ಲವೆಂದು ಅವಳ ಗಂಡ ಹೇಳುತ್ತಿದ್ದ. ಗೊತ್ತಿದೆ ಎಂದು ಅವಳಿಗೆ ಯಾವಾಗಲೂ ಅನುಮಾನ. ಈ ಕಥೆಯನ್ನು ಅವಳು ದರ್ಜಿಯಕ್ಕನಿಗೆ ಎಷ್ಟೋ ಸಲ ಹೇಳಿದ್ದಳು. ಅಕ್ಕ ಪ್ರತಿಸಲವೂ ಹೊಲಿಗೆಯ ಬಗ್ಗೆಯೇ ಕೇಳುತ್ತಿದ್ದಳು: ಯಾವ ದಾರ, ಯಾವ ಸೂಜಿ, ಹೊಟ್ಟೆಯ ಕಡೆ ಹೊಲಿದಿರೋ ಬೆನ್ನಿನ ಕಡೆಯೋ.

ಇನ್ನೊಂದು ಕಥೆಯನ್ನೂ ಅಕ್ಕನಿಗೊಬ್ಬಳಿಗೇ ಹೇಳಿದ್ದಳು. ಮಗಳ ಮನೆಯ ಬಚ್ಚಲಿನದು. ಆ ಬಾಗಿಲಿಗೆ ಹೊಳೆಯುವ ಚಿಲಕವಿತ್ತು. ಒಂದು ಬೆಳಗ್ಗೆ ಸ್ನಾನ ಮುಗಿಸಿ ಅದರ ಮುಂದೆ ನಿಂತಾಗ ಅದು ಏನೆಂದೇ ಅವಳಿಗೆ ತಿಳಿಯಲಿಲ್ಲ. ಮೇಲಕ್ಕೆ ಎತ್ತಿದಳು, ಒತ್ತಿದಳು, ಉಗುರಿನಿಂದ ಕೆರೆದಳು. ಕೂಗಲು ನಾಚಿಕೆ. ಹೊರಗಿನಿಂದ ಬಡಿತ ಶುರುವಾಯಿತು. ಮಗಳ ಬಡಿತ, ಮೊಮ್ಮಗಳ ಬಡಿತ, ಬಡಿದಷ್ಟೂ ಕೈ ಕಲ್ಲಾಯಿತು. ಕೊನೆಗೆ ಮೇಲಿನ ಗವಾಕ್ಷಿಯಲ್ಲಿ ಅಳಿಯನ ಮುಖ ಮೂಡಿತು. ಏಣಿ ಹಾಕಿಕೊಂಡು ಹತ್ತಿದ್ದ. ಅವಳ ಮೈಮೇಲೆ ಒಂದು ಚಿಕ್ಕ ಒದ್ದೆ ಬಟ್ಟೆ. "ಗಾಬರಿ ಆಗ್ಬೇಡಿ ಅತ್ತೆ, ನಾನು ನೋಡ್ತಿಲ್ಲ" ಅನ್ನುತ್ತಲೇ ಅವನು ಒಳಕ್ಕೆ ಇಳಿದುಬಂದು, ಒಂದೇ ಬೆರಳಿನಿಂದ ಚಿಲಕವನ್ನು ಪಕ್ಕಕ್ಕೆ ಸರಿಸಿದ. ಪಕ್ಕಕ್ಕೆ. ಅಷ್ಟೇ. ತುಕ್ಕು ಹಿಡಿದಿತ್ತು ಅಂದಳು ಅವಳು. ಹೌದು ಅತ್ತೆ, ತುಕ್ಕು, ಅಂದ ಅವನು, ಹೊಳೆಯುತ್ತಿದ್ದ ಅದನ್ನು ನೋಡುತ್ತ. ಅಳಿಯ ಒಳ್ಳೆಯವನು, ಆ ಒಳ್ಳೆಯತನವೇ ಅವಳನ್ನು ಆ ಮನೆಯಲ್ಲಿ ಇರಗೊಡಲಿಲ್ಲ. ಅವತ್ತಿನಿಂದ ಯಾರಾದರೂ ಬಾಗಿಲು ಬಡಿದರೆ ಒಳಗಿರುವ ಅವಳ ಹೊಟ್ಟೆ ಕಟ್ಟಿಕೊಳ್ಳುತ್ತದೆ, ದಿನವೆಲ್ಲ ಬಿಡುವುದಿಲ್ಲ. ಕೇಳಿದ ದರ್ಜಿಯಕ್ಕ, "ನನ್ನ ಕೈ ನಿನ್ನ ಬಾಗಿಲು ಬಡಿಯಲ್ಲ ಬಿಡೇ" ಅಂದಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಮೇಡಂ ಬಂದರು. ಜೋರು ಹೆಂಗಸಲ್ಲ, ಯಾವಾಗಲೂ ನಿದ್ದೆಗೆಟ್ಟವರ ಹಾಗೆ ಕಣ್ಣು, ಕೈಯಲ್ಲಿ ಬೀಗದ ಕೈ ಗೊಂಚಲು. ಹಿಂದೆಯೇ ಹೋಟೆಲಜ್ಜಿ, ಎಲ್ಲಿ ಸಾರು ಕುದಿಯುತ್ತದೋ ಅಲ್ಲಿ ಸೌಟು ಹಾಕುವವಳು.

"ದರ್ಜಿಯಮ್ಮ, ಬೇಜಾರು ಮಾಡ್ಕೋಬೇಡಿ" ಮೇಡಂ ಮಂಚದ ತುದಿಯಲ್ಲಿ ಕೂತರು. "ಹೋದ ತಿಂಗಳು ಹಾಸಿಗೇಲಿ ಒಂದ್ಸಲ ಆಯ್ತು, ನಾನೇನಾದ್ರೂ ಅಂದ್ನಾ? ಈಗ ಹಗಲು ಹೊತ್ತಲ್ಲೇ, ಓಣೀಲಿ. ಕಾಲು ಜಾರಿ ಸೊಂಟ ಮುರೀತು ಅಂದ್ರೆ ನಿಮ್ಮ ಮಗನಿಗೆ ನಾನೇನು ಹೇಳ್ಲಿ?"

"ನನ್ನ ಮಗ ಕೇಳಿದ್ರೆ ತಾನೇ ನೀವು ಹೇಳೋದು" ಅಂದಳು ದರ್ಜಿಯಕ್ಕ.

"ಬಚ್ಚಲ ಮುಂದೇನೇ ನಿಂತಿದ್ಯಲ್ಲೇ ತಾಯಿ!" ಹೋಟೆಲಜ್ಜಿ ಬಾಯಿ ಹಾಕಿದಳು. "ಒಂದು ಹೆಜ್ಜೆ! ಬಸ್ ಸ್ಟಾಂಡಿಗೆ ಬಂದು ಬಸ್ ತಪ್ಪಿಸ್ಕೊಂಡ ಹಾಗಾಯ್ತಲ್ಲ. ಒಳಗೆ ಯಾರಾದ್ರೂ ಇದ್ರಾ?"

"ಹೌದು, ಅದನ್ನೇ ಕೇಳ್ಬೇಕು ಅಂದ್ಕೊಂಡೆ" ಮೇಡಂ ಹೇಳಿದರು. "ಯಾರಾದ್ರೂ ಇದ್ರಾ ಒಳಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಲಕ್ಕನ ಕೈ ಹೆಗಲ ಮೇಲಿನ ಟವೆಲಿಗೆ ಹೋಯಿತು. ಕೊಂಬಿನ ಗುರುತು ಹೊರಗಡೆ ಕಾಣುತ್ತಿತ್ತು. ಮೆಲ್ಲಗೆ ಒಳಕ್ಕೆ ಮಡಚಿಕೊಂಡಳು. ಈಗ ಹೇಳಬೇಕು. ಹೇಳಿದರೆ ಅಕ್ಕ ಇಲ್ಲೇ ಉಳಿಯುತ್ತಾಳೆ: ತಡೆದುಕೊಳ್ಳಲಾಗದವಳಲ್ಲ, ಕಾಯಬೇಕಾಗಿ ಬಂದವಳು. ಆಮೇಲೆ ಮೇಡಂ ತಿರುಗಿ ಇತ್ತ ನೋಡುತ್ತಾರೆ. ಮರೆತಿರಾ ಅಮ್ಮ? ಹೋದ ವಾರ ನಲ್ಲಿ ಬಿಟ್ಟು ಬಂದದ್ದೂ ನೀವೇನಾ? ಮಗಳಿಗೆ ಫೋನು ಹೋಗುತ್ತದೆ. ಚಿಲಕದ ಕಥೆ ಮಗಳ ಬಾಯಿಂದ ಬರುತ್ತದೆ. ತಲೆ ಕೆಟ್ಟವರಿಗೆ ಕೆಳಗೆ ಕೊನೆಯ ಸಾಲು, ಕಂಬಿಯಿಟ್ಟ ಮಂಚ. ಒಮ್ಮೆ ಹಳೆಯ ಗೆಳತಿಯೊಬ್ಬಳನ್ನು ನೋಡಲು ಅಲ್ಲಿಗೆ ಹೋಗಿದ್ದಳು. ಪರದೆ ಪೂರ್ತಿ ಎಳೆದಿರಲಿಲ್ಲ. ಆಯಾ ಒಬ್ಬಳ ಎರಡೂ ಪಾದಗಳನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ಒರೆಸುತ್ತಿದ್ದಳು, ಬಾಯಲ್ಲಿ ಇನ್ನಾರೊಂದಿಗೋ ತರಕಾರಿಯ ಮಾತು. ಒರೆಸಿಕೊಳ್ಳುತ್ತಿದ್ದವಳು ಪರದೆಯ ಸಂದಿನಿಂದ ಹಾಲಕ್ಕನನ್ನು ನೋಡಿದ್ದಳು. ಬಿಸಿಲಲ್ಲಿ ಕಟ್ಟಿಹಾಕಿ ಮರೆತುಹೋದ ದನದ ನೋಟ.

"ಹಾಲಮ್ಮ, ನೀವು ಜಗಲೀಲಿ ಇದ್ರಲ್ವಾ? ಯಾರಾದ್ರೂ ಬಚ್ಚಲಿಗೆ ಹೋಗಿದ್ದು ನೋಡಿದ್ರಾ?"

"ನಾನು... ಬಟಾಣಿ ಸುಲೀತಿದ್ದೆ."

"ಹೌದೌದು, ನನ್ನ ಜೊತೇಲೇ ಇದ್ಲು" ಹೋಟೆಲಜ್ಜಿ ಸಾಕ್ಷಿ ಹೇಳಿದಳು. "ಸುಲಿದಿದ್ದಕ್ಕಿಂತ ತಿಂದಿದ್ದೇ ಜಾಸ್ತಿ."

ದರ್ಜಿಯಕ್ಕ ಒಂದು ರವಿಕೆಯನ್ನು ಮಡಚುತ್ತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. "ಯಾರೂ ಇರಲಿಲ್ಲ ಮೇಡಂ" ಅಂದಳು. "ಬಿಡಿ. ಊಟ ಆದ್ಮೇಲೆ ಹೋಗೋಣ."

ಊಟದ ತಟ್ಟೆಯ ಮುಂದೆಯೂ ಅದೇ. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ತಟ್ಟೆ ತೊಳೆದಿಟ್ಟು ಹಾಲಕ್ಕ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಎಷ್ಟು ಹಾಕಿದರೂ ಮುಖ ಅದೇ. ಕನ್ನಡಿಯಲ್ಲಿರುವವಳು ಸತ್ಯ ಹೇಳುವ ಮೋರೆಯವಳಂತೆ ಕಾಣಲಿಲ್ಲ. ಸುಳ್ಳು ಹೇಳುವಷ್ಟು ಚುರುಕಿನವಳಾಗಿಯೂ ಕಾಣಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಗಾಲಿಕುರ್ಚಿಯ ಕಿರ್ರೆನ್ನುವ ಸದ್ದು ಕೇಳಿ, ಮುಖದಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಹೊರಗೆ ಬಂದಳು.

ದರ್ಜಿಯಕ್ಕ ಗಾಲಿಕುರ್ಚಿ ಬೇಡವೆಂದಿದ್ದಳು. "ನಡೆದುಕೊಂಡು ಬಂದವಳು, ನಡೆದುಕೊಂಡೇ ಇಳೀತೀನಿ." ಆಯಾ ಕೇಳಲಿಲ್ಲ, ಬಿದ್ದರೆ ತನ್ನ ತಲೆಗೆ ಬರುತ್ತದೆ ಅಂದಳು. ಕೂರಿಸಿದ ಮೇಲೆ ದರ್ಜಿಯಕ್ಕ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈಯಿಟ್ಟು, ಫೋಟೋಗೆ ಕೂತವಳ ಹಾಗೆ ನೆಟ್ಟಗೆ ಕೂತಳು. ಇಳಿಜಾರಿನ ದಾರಿ ಹೊರಗಿನಿಂದ ಸುತ್ತಿ ಹೋಗುತ್ತಿತ್ತು. ಬೇಲಿಯಾಚೆ ಯಾರದೋ ಹೊಲ ಉತ್ತಿದ್ದರು. ಹೊಸ ಮಣ್ಣಿನ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು. ಹಾಲಕ್ಕ ಹಿಂದೆ ಹಿಂದೆ ನಡೆದಳು. ಕೊಟ್ಟ ಎಮ್ಮೆಯನ್ನು ಕೊಂಡವನು ಹಿಡಿದುಕೊಂಡು ಹೋಗುವಾಗ ಊರ ಕೊನೆಯ ತನಕ ಹೀಗೇ ನಡೆದಿದ್ದಳು. ಎಮ್ಮೆ ತಿರುಗಿ ನೋಡಲಿ ಎಂದೂ, ನೋಡದಿರಲಿ ಎಂದೂ. ಇಳಿಜಾರಿನ ತಿರುವಿನಲ್ಲಿ ಅವಳೊಳಗೆ ಏನೋ ಒಂದು ಕಟ್ಟೆಯೊಡೆಯಿತು. ಹೇಳಿಬಿಡುತ್ತೇನೆ. ಕೊನೆಯ ಸಾಲಾದರೆ ಕೊನೆಯ ಸಾಲು.

ಕೆಳಗಿನ ಹಾಲ್‌ನಲ್ಲಿ ಮಂಚ ಸಿದ್ಧವಾಗಿತ್ತು. ಕಿಟಕಿ ಎತ್ತರದಲ್ಲಿತ್ತು, ಅದರಲ್ಲಿ ಆಕಾಶ ಬಿಟ್ಟರೆ ಏನೂ ಇಲ್ಲ. ಮೇಡಂ ತಾವೇ ದಿಂಬು ಸರಿಮಾಡುತ್ತಿದ್ದರು.

"ಮೇಡಂ" ಹಾಲಕ್ಕನ ಧ್ವನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ಅಕ್ಕಂದು ತಪ್ಪಿಲ್ಲ. ಬಾಗಿಲ ಮೇಲೆ ಟವೆಲ್ ಇತ್ತು. ನಂದು. ಒಳಗೆ ಯಾರೂ ಇರಲಿಲ್ಲ."

ಮೇಡಂ ದಿಂಬು ಹಿಡಿದೇ ತಿರುಗಿದರು. "ಯಾರೂ ಇಲ್ದೇ ಟವೆಲ್ ಯಾಕಿತ್ತು?"

"ಮರೆತೆ."

ಮೇಡಂ ಹತ್ತಿರ ಬಂದರು. ಅವರ ಧ್ವನಿ ಮೆತ್ತಗಾಯಿತು, ಅಳಿಯನ ಧ್ವನಿಯ ಹಾಗೆ. "ಈಚೆಗೆ ಹೀಗೆ ಬೇರೆ ಏನಾದ್ರೂ ಮರೀತಿದೀರಾ ಅಮ್ಮ? ಹೆದರ್ಬೇಡಿ, ಹೇಳಿ."

ಹಾಲಕ್ಕ ಹೆಗಲು ಮುಟ್ಟಿಕೊಂಡಳು. ಹೆಗಲು ಖಾಲಿಯಿತ್ತು. ಕೋಣೆಯಲ್ಲಿ ಬಿಟ್ಟುಬಂದಿರಬೇಕು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು.

"ಅಯ್ಯೋ, ಅವಳ ಮಾತು ನಂಬ್ತೀರಾ ಮೇಡಂ?" ದರ್ಜಿಯಕ್ಕ ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದಳು. "ಟವೆಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ನನಗೇ ತಡೆಯೋಕಾಗ್ಲಿಲ್ಲ. ನನ್ನ ಬಿಟ್ಟಿರೋಕಾಗದೆ ಕಥೆ ಕಟ್ತಿದಾಳೆ ಕಳ್ಳಿ. ಹುಲ್ಲುಗರು ತೋರ್ಸಿ ಎಮ್ಮೆಗೇ ಟೋಪಿ ಹಾಕಿದವಳು, ನಿಮಗೆ ಹಾಕೋದೇನು ಮಹಾ?"

ಮೇಡಂ ಇಬ್ಬರನ್ನೂ ನೋಡಿದರು. ಅವರಿಗೆ ನಂಬಿಕೆಯಾಯಿತೋ, ನಂಬುವುದೇ ಸುಲಭವೆನಿಸಿತೋ. ದಣಿದ ನಗು ನಕ್ಕು, "ಎಂಥಾ ಜೋಡಿ ರೀ ನೀವು. ದಿನಾ ಬಂದು ನೋಡ್ಕೊಂಡು ಹೋಗಿ ಹಾಲಮ್ಮ, ಯಾರು ಬೇಡ ಅಂತಾರೆ" ಎಂದು ಹಾಲಕ್ಕನ ಬೆನ್ನು ತಟ್ಟಿ, ಯಾರೋ ಕೂಗಿದರೆಂದು ಹೊರಟುಹೋದರು. ಆಯಾ ಗಂಟು ಬಿಚ್ಚುತ್ತ ಅತ್ತ ತಿರುಗಿದ್ದಳು.

ಹಾಲಕ್ಕನಿಗೆ ಮೊದಲು ಆದದ್ದು ನಿರಾಳ. ಅದು ಪಾದದಿಂದ ಹತ್ತಿ ಮಂಡಿಯವರೆಗೆ ಬೆಚ್ಚಗೆ ಬಂತು. ನಾಚಿಕೆ ಆಮೇಲೆ ಬಂತು, ತಡವಾಗಿ ಬಂದ ನೆಂಟನ ಹಾಗೆ, ಬಂದು ಗಟ್ಟಿಯಾಗಿ ಕೂತಿತು.

"ಯಾಕಕ್ಕ ಹಾಗಂದೆ?"

"ಬಗ್ಗು ಇಲ್ಲಿ." ದರ್ಜಿಯಕ್ಕ ಅವಳ ಕಿವಿಯನ್ನು ಹತ್ತಿರ ಎಳೆದುಕೊಂಡಳು. "ಕೊಂಬು ನನ್ನ ಬೆರಳಿಗೆ ಗೊತ್ತಾಗಲ್ವೇನೇ? ಹೊಲಿದವಳು ನಾನು. ಮುಟ್ಟಿ ನೋಡ್ದೆ, ನೀನು ಒಳಗಿದೀಯ ಅಂದ್ಕೊಂಡೆ. ಬಡೀಬಾರ್ದು ಅಂತ ನಿಂತೆ. ನಿಂತೇ ಇದ್ದೆ. ಆಮೇಲೆ ನೀನು ಜಗಲಿ ಕಡೆಯಿಂದ ಓಡಿ ಬಂದೆ."

ಹಾಗಾದರೆ ಆ ಕೈಯೂ ಕಂಡಿತ್ತು. ತೋಳಿಗಿಂತ ಮೊದಲು ಮೊಳೆಗೆ ಹೋದ ಕೈ.

"ನಾನು ಇವತ್ತಲ್ಲ ನಾಳೆ ಇಳಿಯೋಳೇ. ಇಬ್ಬರೂ ಇಳಿದು ಏನು ಮಾಡೋಣ?" ದರ್ಜಿಯಕ್ಕ ಕಿವಿ ಬಿಟ್ಟಳು. "ಕಿಟಕಿ ಮಂಚ ತಗೋ. ಬೇರೆ ಯಾರಾದ್ರೂ ಬರೋಕ್ಮುಂಚೆ. ಹೋಗು."

ಆಯಾ ಪರದೆ ಎಳೆದಳು. ಪರದೆಯ ಬಳೆಗಳು ಕಂಬಿಯ ಮೇಲೆ ಜರ್ರನೆ ಓಡಿದವು. ಒಳಗಿನಿಂದ ಅಕ್ಕನ ಮಾತು ಕೇಳಿಸಿತು: "ಎರಡು ಬೆರಳು ಸಡಿಲ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು ಕಣಮ್ಮ."

ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಯಾರೂ ಅದನ್ನು ತೆಗೆದುಕೊಂಡಿರಲಿಲ್ಲ. ಕೊಟ್ಟ ಮಾಲು ಮರಳಿ ಕೈಗೇ ಬಂದು ಕೂತಿತ್ತು, ಇನ್ನು ಕೊಡುವುದಕ್ಕೆ ಯಾವ ಬಾಗಿಲೂ ಇಲ್ಲ. ಇಳಿಜಾರು ಹತ್ತುವುದು ಇಳಿದಷ್ಟು ಹಗುರವಲ್ಲ. ನಡುವೆ ನಿಂತು ಉಸಿರು ತೆಗೆದುಕೊಂಡಳು. ಅತ್ತ ಹೊಲದಲ್ಲಿ ಉಳುವವನು ಎತ್ತುಗಳನ್ನು ಬಿಚ್ಚಿದ್ದ. ಬಿಚ್ಚಿದರೂ ಅವು ನೊಗದ ಅಗಲವನ್ನು ನಡುವೆ ಬಿಟ್ಟುಕೊಂಡು ಅಕ್ಕಪಕ್ಕ ನಿಂತೇ ಇದ್ದವು. ಮೇಲೆ ಬಂದಾಗ ಓಣಿ ಖಾಲಿ. ಎಲ್ಲರೂ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಹೋಟೆಲಜ್ಜಿಯ ಗೊರಕೆ ಮಾತ್ರ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಬಿಟ್ಟುಬಿಟ್ಟು ಬರುತ್ತಿತ್ತು. ಹಾಲಕ್ಕನಿಗೆ ಬಚ್ಚಲಿಗೆ ಹೋಗಬೇಕೆನಿಸಿತ್ತು. ಕೆಳಗೆ ಇದ್ದಾಗಲೇ ಅನಿಸಿತ್ತು, ಆ ಮಾತುಗಳ ನಡುವೆ ತಡೆದುಕೊಂಡಿದ್ದಳು, ಈಗ ಅವಸರವಾಗಿತ್ತು.

ಬಾಗಿಲ ಮೊಳೆಯ ಮೇಲೆ ಟವೆಲ್ ಇತ್ತು.

ಅವಳು ನಿಂತಳು. ಯಾರೋ ಇದ್ದಾರೆ, ಬರಲಿ. ಪದ್ಧತಿ ಪದ್ಧತಿಯೇ. ಕಾಲಿಗೆ ಕಾಲು ಹೆಣೆದು ಗೋಡೆಗೆ ಒರಗಿದಳು. ನಿನ್ನೆಯ ಜಾಗವನ್ನು ಆಯಾ ಚೆನ್ನಾಗಿ ಒರೆಸಿದ್ದಳು. ಬೇರೆ ನೆಲಕ್ಕಿಂತ ಅಷ್ಟು ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಒಳಗೆ ನೀರಿನ ಸದ್ದಿಲ್ಲ. ಕೆಮ್ಮಿಲ್ಲ. ಸಣ್ಣಗೆ ಕೆಮ್ಮಿ ನೋಡಿದಳು, ಉತ್ತರವಿಲ್ಲ. ಬಡಿಯುವುದೇ? ಬಡಿದರೆ ಒಳಗಿರುವವಳ ಹೊಟ್ಟೆ ಕಟ್ಟಿಕೊಳ್ಳುತ್ತದೆ, ಪಾಪ. ಗೋಡೆ ತಣ್ಣಗಿತ್ತು. ತೊಡೆ ನಡುಗಲು ಶುರುವಾಯಿತು. ಯಾರಿರಬಹುದೆಂದು ಕೈಚಾಚಿ ಟವೆಲಿನ ಮೂಲೆಯನ್ನು ತಿರುವಿದಳು. ಹಸಿರು ದಾರದ ಎರಡು ಕೊಂಬು, ದರ್ಜಿಯಕ್ಕನ ಒತ್ತು ಹೊಲಿಗೆ. ಬೆರಳು ಅದರ ಮೇಲೆ ಓಡಿತು, ಒಂದು ಕೊಂಬಿನ ತುದಿಯಿಂದ ಇನ್ನೊಂದರ ತುದಿಗೆ, ಮತ್ತೆ ಹಿಂದಕ್ಕೆ.

ಬಾಗಿಲು ತಳ್ಳಿದರೆ ಸಾಕಿತ್ತು. ಚಿಲಕವಿಲ್ಲ.

"ಒಳಗೆ ಯಾರಿದೀರಮ್ಮ?" ಎಂದು ಮೆಲ್ಲಗೆ ಕೇಳಿ, ಹಾಲಕ್ಕ ಉತ್ತರಕ್ಕೆ ಕಾಯುತ್ತ ನಿಂತಳು.